ಹಳೇ ಮನೆ: ರಿಪೇರಿ ಮಾಡಿಸೋದಾ, ಕೆಡವಿ ಕಟ್ಟೋದಾ, ಮಾರಿ ಫ್ಲ್ಯಾಟ್ ತಗೊಳ್ಳೋದಾ?

ಅಪ್ಪನೋ ಅಜ್ಜನೋ ಕಟ್ಟಿಸಿದ ಮನೆ. ಕೈಯಲ್ಲಿ ಐದಾರು ಲಕ್ಷ, ಎಳೆದಾಡಿದರೆ ಹತ್ತು. ಮಳೆ ಬಂದರೆ ಅಡುಗೆಮನೆ ಮೂಲೆ ಸೋರುತ್ತದೆ, ಸ್ವಿಚ್ ಮುಟ್ಟಿದರೆ ಒಮ್ಮೊಮ್ಮೆ ಜುಮ್ ಅನ್ನುತ್ತದೆ, ಬಚ್ಚಲಿನ ನೆಲ ಜಾರುತ್ತದೆ. ಮನೆಯಲ್ಲಿ ಮೂರು ಜನ ಕೂತರೆ ಮೂರು ಮಾತು. ಇರೋದನ್ನೇ ಸರಿ ಮಾಡಿಸೋಣ ಅಂತ ಒಬ್ಬರು, ಕೆಡವಿ ಹೊಸದಾಗಿ ಕಟ್ಟೋಣ ಅಂತ ಇನ್ನೊಬ್ಬರು, ಇದನ್ನು ಮಾರಿ ಫ್ಲ್ಯಾಟ್ ತಗೊಂಡರೆ ತಲೆನೋವೇ ಇರಲ್ಲ ಅಂತ ಮತ್ತೊಬ್ಬರು.

ಮೂರೂ ತಪ್ಪಲ್ಲ. ಆದರೆ ಜನ ಸಾಮಾನ್ಯವಾಗಿ ದುಡ್ಡಿನ ಲೆಕ್ಕದಿಂದ ಶುರು ಮಾಡುತ್ತಾರೆ. ನಾನು ಹೇಳೋದು, ಮೊದಲು ಮನೆ ಯಾವ ತರಹದ್ದು ಅಂತ ನೋಡಿ. ಬಿಡಿಬಿಡಿಯಾಗಿ ಬದಲಿಸಲು ಬರುವ ಮನೆಯಾದರೆ ಕಣ್ಣು ಮುಚ್ಚಿಕೊಂಡು ರಿಪೇರಿಗೆ ಹೋಗಬಹುದು. ತಲೆ ಮೇಲಿನ ತಾರಸಿಯೇ ಒಳಗಿಂದ ಕೆಟ್ಟಿದ್ದರೆ ರಿಪೇರಿಗೆ ಹಾಕಿದ ದುಡ್ಡು ನೀರಲ್ಲಿ ಹೋಮ. ಕಾಗದ ಪತ್ರ ಸರಿ ಇಲ್ಲದಿದ್ದರೆ ಯಾವುದಕ್ಕೂ ಕೈ ಹಾಕಬೇಡಿ, ಮೊದಲು ಅದನ್ನು ಸರಿ ಮಾಡಿಕೊಳ್ಳಿ.

ಜನ ಯಾಕೆ ರಿಪೇರಿ ಕಡೆ ವಾಲುತ್ತಾರೆ

ಅಗ್ಗ ಅಂತ ಅನ್ನೋದು ಒಂದೇ ಕಾರಣ ಅಲ್ಲ. ದೊಡ್ಡ ಕಾರಣ, ಖರ್ಚನ್ನು ನಮ್ಮ ಕೈಗೆ ಬಂದ ಹಾಗೆ ಮಾಡಬಹುದು. ಈ ವರ್ಷ ಛಾವಣಿ, ಬರುವ ವರ್ಷ ವೈರಿಂಗು, ಅದರ ಮುಂದಿನ ವರ್ಷ ಅಡುಗೆಮನೆ. ಕೆಡವಿ ಕಟ್ಟುವಾಗ ಈ ಅನುಕೂಲ ಇಲ್ಲ. ಪಾಯ ಎದ್ದ ಮೇಲೆ ನಡುವೆ ನಿಲ್ಲಿಸಿದರೆ ಕಂಬಿ ತುಕ್ಕು ಹಿಡಿಯುತ್ತದೆ, ಬಾಡಿಗೆ ಬೇರೆ ಕಟ್ಟುತ್ತಾ ಇರಬೇಕು, ಅರ್ಧ ಆದ ಮನೆ ಅಂತ ಬ್ಯಾಂಕಿನವರೂ ಮುಂದಿನ ಕಂತು ಕೊಡಲ್ಲ.

ಇನ್ನೊಂದು ಕಾರಣ ಮನೆಯಲ್ಲಿರುವ ಹಿರಿಯರು. ಎಪ್ಪತ್ತು ದಾಟಿದ ಅಮ್ಮನನ್ನು ಒಂದು ವರ್ಷ ಬಾಡಿಗೆ ಮನೆಯಲ್ಲಿ ಇರಿಸಿ ನೋಡಿ. ಅವರಿಗೆ ಕತ್ತಲಲ್ಲೂ ಬಚ್ಚಲಿಗೆ ದಾರಿ ಗೊತ್ತಿರುವುದು ಆ ಒಂದೇ ಮನೆಯಲ್ಲಿ. ಎದುರುಮನೆಯವರು, ಹೂವು ಕೊಡುವವರು, ದೇವಸ್ಥಾನದ ದಾರಿ, ಹಿತ್ತಲಿನ ಕರಿಬೇವು, ಇದೆಲ್ಲ ಅವರ ಆರೋಗ್ಯದ ಭಾಗವೇ ಅಂತ ನಾನು ನಂಬುತ್ತೇನೆ. ಲೆಕ್ಕದ ಹಾಳೆಯಲ್ಲಿ ಇದಕ್ಕೆ ಒಂದು ಸಾಲು ಇರಲ್ಲ, ಆದರೆ ಕೊನೆಗೆ ತೀರ್ಮಾನ ಆಗೋದು ಎಷ್ಟೋ ಮನೆಗಳಲ್ಲಿ ಇದರಿಂದಲೇ.

ಮೂರನೇ ಕಾರಣ ತುಂಬಾ ಜನಕ್ಕೆ ಕೆಡವಿದ ಮೇಲೆಯೇ ಗೊತ್ತಾಗುತ್ತದೆ. ಹಳೇ ಊರುಗಳಲ್ಲಿ, ಪೇಟೆ ಬೀದಿಗಳಲ್ಲಿ, ಅಗ್ರಹಾರಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ನಿಂತಿವೆ. ರಸ್ತೆಯಿಂದ ಒಂದು ಜಗಲಿ, ಆಮೇಲೆ ಬಾಗಿಲು. ಒಮ್ಮೆ ಕೆಡವಿ ಹೊಸ ಪ್ಲಾನಿಗೆ ಅರ್ಜಿ ಹಾಕಿದರೆ ಈಗಿನ ನಿಯಮದ ಪ್ರಕಾರ ಮುಂದೆ, ಹಿಂದೆ, ಪಕ್ಕದಲ್ಲಿ ಜಾಗ ಬಿಡಬೇಕು. ರಸ್ತೆ ಅಗಲೀಕರಣದ ಗುರುತು ಇದ್ದರೆ ಅಷ್ಟೂ ಹೋಯಿತು. ಇಪ್ಪತ್ತಡಿ ಅಗಲದ ಸೈಟಿನಲ್ಲಿ ಪಕ್ಕಕ್ಕೆ ಎರಡೆರಡು ಅಡಿ ಬಿಟ್ಟರೂ ಉಳಿಯೋದು ಹದಿನಾರಡಿ, ಅದರಲ್ಲಿ ಗೋಡೆ ದಪ್ಪ ಕಳೆಯಿರಿ. ಇದ್ದ ಮನೆಗಿಂತ ಚಿಕ್ಕ ಮನೆಗೆ ಇಪ್ಪತ್ತೈದು ಲಕ್ಷ ಕೊಟ್ಟಂತಾಗುತ್ತದೆ. ಜೊತೆಗೆ, ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನ ನಂತರ ಓಸಿ (ಕಟ್ಟಡ ಪ್ಲಾನಿನಂತೆ ಇದೆ, ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ) ಇಲ್ಲದ ಹೊಸ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಸಿಗುವುದು ಕಷ್ಟವಾಗಿದೆ. ಚಿಕ್ಕ ಸೈಟುಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿದೆ, ನಿಮ್ಮದು ಅದರಲ್ಲಿ ಬರುತ್ತದಾ ಅಂತ ಕೆಡವುವ ಮೊದಲೇ ಕೇಳಿಕೊಳ್ಳಿ. ಇರುವ ಮನೆಯ ಒಳಗೆ ರಿಪೇರಿ ಮಾಡಿಸುವವರಿಗೆ ಈ ಯಾವ ತಾಪತ್ರಯವೂ ಇಲ್ಲ.

ನಿಮ್ಮ ಮನೆ ಯಾವ ತರಹದ್ದು

ಹೆಂಚಿನ ಮನೆ ಇದ್ದವರು ತಮ್ಮದು ಹಳೇ ಕಾಲದ್ದು, ಅದಕ್ಕೆ ಮೊದಲು ಕೆಡವಬೇಕಾದ್ದು ತಮ್ಮ ಮನೆಯೇ ಅಂದುಕೊಂಡಿರುತ್ತಾರೆ. ನಿಜ ಅದಕ್ಕೆ ಉಲ್ಟಾ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಕರಾವಳಿ, ಮಲೆನಾಡಿನಲ್ಲಿ ಮಂಗಳೂರು ಹೆಂಚಿನ ಮನೆಗಳು ನಿಂತಿವೆ, ಇವತ್ತಿಗೂ ವಾಸಕ್ಕೆ ಯೋಗ್ಯವಾಗಿವೆ. ಕಾರಣ ಇಷ್ಟೇ. ಒಂದು ಹೆಂಚು ಒಡೆದರೆ ಅದೊಂದನ್ನೇ ತೆಗೆದು ಬೇರೆ ಇಡಬಹುದು. ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಒಂದು ಲಡ್ಡಾದರೆ ಅದೊಂದನ್ನೇ ಬದಲಿಸಬಹುದು. ಇಡೀ ಛಾವಣಿಯನ್ನು ಬಿಚ್ಚಿ, ಹೆಂಚು ತೊಳೆದು, ಮರಕ್ಕೆ ಗೆದ್ದಲಿನ ಔಷಧಿ ಹೊಡೆದು ಮತ್ತೆ ಅದೇ ಹೆಂಚನ್ನು ಹೊದಿಸಬಹುದು.

ಇಂಥ ಮನೆಯನ್ನು ನೋಡುವ ಕ್ರಮ ಹೀಗೆ. ಅಟ್ಟ ಹತ್ತಿ. ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ಸಾಕು. ತೊಲೆಯ ನಡುಭಾಗ ನೋಡಿ ಚೆನ್ನಾಗಿದೆ ಅಂತ ಇಳಿಯಬೇಡಿ, ಅದು ಯಾವತ್ತೂ ಚೆನ್ನಾಗಿಯೇ ಇರುತ್ತದೆ. ತೊಲೆ ಗೋಡೆಯೊಳಗೆ ಸೇರುವ ತುದಿ ಇದೆಯಲ್ಲ, ನೀರು ಇಳಿದು ತೇವ ನಿಲ್ಲುವುದು ಅಲ್ಲಿ, ಗೆದ್ದಲು ಮೊದಲು ಹತ್ತುವುದೂ ಅಲ್ಲಿ. ಅಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಟಣ್ ಅಂತ ತಡೆದರೆ ಮರ ಗಟ್ಟಿ. ಬೆಣ್ಣೆಗೆ ಚಾಕು ಇಳಿದ ಹಾಗೆ ಅರ್ಧ ಇಂಚು ಒಳಗೆ ಹೋದರೆ ಆ ತುದಿ ಮುಗಿದಿದೆ. ಆಗಲೂ ಗಾಬರಿ ಬೇಡ. ಕೆಟ್ಟ ತುದಿ ಕತ್ತರಿಸಿ ಕೆಳಗೆ ಕಬ್ಬಿಣದ ಆಸರೆ ಕೊಟ್ಟು ಉಳಿದ ತೊಲೆಯನ್ನು ಉಳಿಸಿಕೊಳ್ಳುವ ಬಡಗಿಗಳು ಇದ್ದಾರೆ. ಹಳೇ ತೇಗ, ಬೀಟೆ, ಹಲಸಿನ ಮರವನ್ನು ಸುಮ್ನೆ ತೂಕಕ್ಕೆ ಹಾಕಿ ಅದರ ಬದಲು ಎಳೇ ಮರ ತರುವುದು ಶುದ್ಧ ನಷ್ಟ. ಅದೇ ಗುಣಮಟ್ಟದ ಮರವನ್ನು ಇವತ್ತು ಆ ದುಡ್ಡಿಗೆ ಯಾರೂ ಕೊಡಲ್ಲ.

ಮೈಸೂರಿನ ಹಳೇ ಬಡಾವಣೆಗಳಲ್ಲಿ, ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರದ ಕಡೆ ಮದ್ರಾಸ್ ಟೆರೇಸ್ ಮನೆಗಳಿವೆ. ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ತಾರಸಿ ಅದು. ಇದೂ ರಿಪೇರಿಗೆ ಒಗ್ಗುತ್ತದೆ, ಆದರೆ ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗಬೇಕು. ಸಿಗದಿದ್ದರೆ ಕಾಯಿರಿ. ಸಿಮೆಂಟ್ ಮೇಸ್ತ್ರಿ ಬಂದು ಮೇಲೆ ನಾಲ್ಕು ಇಂಚು ಕಾಂಕ್ರೀಟ್ ಸುರಿದರೆ ಆ ಮರದ ತೊಲೆಗಳು ಆ ಭಾರಕ್ಕೆ ಲೆಕ್ಕ ಹಾಕಿ ಇಟ್ಟವಲ್ಲ.

ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ (ಮೇಲೆ ಮಣ್ಣು ಹೊದಿಸಿದ ಸಮತಟ್ಟು ಛಾವಣಿ) ಮನೆಗಳ ಗೋಡೆ ದಪ್ಪ, ಬೇಸಿಗೆಯಲ್ಲಿ ಒಳಗೆ ತಂಪು. ಅಪಾಯ ಇರೋದು ಮೇಲೆ. ವಾರಗಟ್ಟಲೆ ಮಳೆ ಹಿಡಿದರೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರ ಆಗುತ್ತದೆ, ಒಳಗೆ ಮಲಗಿದವರ ಮೇಲೆ ಕುಸಿಯುತ್ತದೆ. ಇಂಥ ಮನೆಯಲ್ಲಿ ದುಡ್ಡು ಹಾಕುವುದಾದರೆ ಮೊದಲ ರೂಪಾಯಿ ಮಾಳಿಗೆಗೆ. ಮಣ್ಣಿನ ಭಾರ ಇಳಿಸಿ ಹಗುರವಾದ ಶೀಟಿನ ಛಾವಣಿ ಮಾಡಿಕೊಂಡು ಗೋಡೆಗಳನ್ನು ಉಳಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ನಿಜವಾಗಲೂ ಯೋಚನೆ ಮಾಡಬೇಕಾದ್ದು 1970, 80ರ ದಶಕದ ಆರ್‌ಸಿಸಿ, ಅಂದರೆ ಒಳಗೆ ಕಬ್ಬಿಣದ ಕಂಬಿ ಇಟ್ಟು ಕಾಂಕ್ರೀಟ್ ಸುರಿದ ತಾರಸಿಯ ಮನೆಗಳ ಬಗ್ಗೆ. ನೋಡಲು ಇವೇ ಹೊಸದಾಗಿ ಕಾಣುತ್ತವೆ. ಆದರೆ ಮೋಲ್ಡ್, ಅಂದರೆ ಆ ಕಾಂಕ್ರೀಟ್ ತಾರಸಿ, ಒಂದೇ ತುಂಡು, ಅದರೊಳಗಿನ ಕಂಬಿಗೆ ತುಕ್ಕು ಹಿಡಿದರೆ ಆ ಕಂಬಿಯನ್ನು ಹೊರಗೆ ತೆಗೆದು ಬದಲಿಸಲು ಬರುವುದಿಲ್ಲ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ತಳ್ಳುತ್ತದೆ, ಅದಕ್ಕೇ ಸೀಲಿಂಗಿನಲ್ಲಿ ಚಿಪ್ಪು ಎದ್ದು ಬೀಳೋದು. ಸಮುದ್ರದ ಹತ್ತಿರದ ಊರುಗಳಲ್ಲಿ ಉಪ್ಪಿನ ಗಾಳಿಗೆ ಇದು ಇನ್ನೂ ಬೇಗ. ಏಣಿ ಹತ್ತಿ ಸುತ್ತಿಗೆಯ ಹಿಡಿಯಿಂದ ಸೀಲಿಂಗನ್ನು ಅಡಿಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ, ಡೊಬ್ ಡೊಬ್ ಅಂತ ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಿಂದ ಗುರುತು ಮಾಡಿ. ಬಚ್ಚಲಿನ ಮೇಲೆ, ಟ್ಯಾಂಕಿನ ಕೆಳಗೆ ಮಾತ್ರ ಗುರುತು ಬಿದ್ದಿದ್ದರೆ ಅಷ್ಟನ್ನು ಕೆತ್ತಿ, ಕಂಬಿ ತಿಕ್ಕಿ, ತುಕ್ಕು ತಡೆಯುವ ಲೇಪ ಹಚ್ಚಿ ಸರಿಪಡಿಸಬಹುದು. ಹಾಲ್, ಕೋಣೆ, ಅಡುಗೆಮನೆ ಎಲ್ಲಾ ಕಡೆ ಗುರುತು ತುಂಬಿದ್ದರೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಅವರಿಗೆ ಕೊಡುವ ಫೀಸು ಉಳಿಸಲು ಹೋಗಬೇಡಿ. ಅಂಥ ಮನೆಗೆ ಪುಟ್ಟಿ ಬಳಿದು, ಫಾಲ್ಸ್ ಸೀಲಿಂಗ್ ಹೊಡೆದು ಮುಚ್ಚುವುದು ಮಕ್ಕಳು ಮಲಗುವ ಕೋಣೆಯಲ್ಲಿ ಅಪಾಯವನ್ನು ಮುಚ್ಚಿಟ್ಟಂತೆ. ಕೆಡವಿ ಕಟ್ಟಲೇಬೇಕಾದ ಮನೆ ಅಂದರೆ ಇದು.

ದುಡ್ಡಿನ ಲೆಕ್ಕ

ಈಗ ಸಾಧಾರಣ ಸಾಮಾನು ಹಾಕಿ ಕಟ್ಟಿಸಿದರೂ ಚದರಕ್ಕೆ (ನೂರು ಚದರಡಿಗೆ) ಎರಡು ಲಕ್ಷಕ್ಕೆ ಕಡಿಮೆ ಹೇಳುವ ಕಾಂಟ್ರಾಕ್ಟರ್ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಹನ್ನೆರಡು ಚದರದ ಮನೆಗೆ ಇಪ್ಪತ್ನಾಲ್ಕು ಲಕ್ಷ. ಇದರ ಮೇಲೆ ಕೆಡವುವ ಖರ್ಚು, ಮಣ್ಣು ಸಾಗಿಸುವ ಖರ್ಚು, ಪ್ಲಾನ್ ಮಂಜೂರಾತಿ, ಸಂಪು, ಕಾಂಪೌಂಡು, ಹತ್ತು ಹನ್ನೆರಡು ತಿಂಗಳ ಬಾಡಿಗೆ. ಇವೆಲ್ಲ ಕೊಟೇಶನ್ನಿನಲ್ಲಿ ಇರುವುದಿಲ್ಲ. ಮೂವತ್ತು ಲಕ್ಷ ಕೈಯಲ್ಲಿಟ್ಟುಕೊಳ್ಳದೆ ಹಾರೆ ಎತ್ತಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಅದರಿಂದ ಸ್ವಲ್ಪ ಉಸಿರಾಡಬಹುದು, ಆದರೆ ಮನೆ ಖರ್ಚಿನಲ್ಲಿ ಕೂಲಿಯ ಪಾಲು ಏರುತ್ತಲೇ ಇದೆ.

ಫ್ಲ್ಯಾಟಿನ ಲೆಕ್ಕ ಬೇರೆ. ಅರವತ್ತು ಲಕ್ಷದ ಫ್ಲ್ಯಾಟ್ ಅಂದರೆ ಅರವತ್ತಕ್ಕೆ ಮುಗಿಯಲ್ಲ. ಕರ್ನಾಟಕದಲ್ಲಿ 45 ಲಕ್ಷ ಮೀರಿದರೆ ಸ್ಟ್ಯಾಂಪ್ ಡ್ಯೂಟಿ 5 ಪರ್ಸೆಂಟ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಪರ್ಸೆಂಟ್ ಇದ್ದದ್ದು 2 ಆಗಿದೆ. ಎರಡೂ ಸೇರಿ 4 ಲಕ್ಷ 20 ಸಾವಿರ, ಸೆಸ್ಸು ಸರ್‌ಚಾರ್ಜು ಬೇರೆ. ಇನ್ನೂ ಕಟ್ಟುತ್ತಿರುವ ಕಟ್ಟಡವಾದರೆ ಇಷ್ಟು ಬೆಲೆಯದ್ದಕ್ಕೆ 5 ಪರ್ಸೆಂಟ್ ಜಿಎಸ್‌ಟಿ, ಅಂದರೆ ಇನ್ನೊಂದು ಮೂರು ಲಕ್ಷ. 1200 ಚದರಡಿ ಸೂಪರ್ ಬಿಲ್ಟಪ್ (ಮೆಟ್ಟಿಲು, ಲಿಫ್ಟಿನಂಥ ಎಲ್ಲರ ಜಾಗದ ಪಾಲೂ ಸೇರಿದ ಅಳತೆ) ಅಂದರೆ ಒಳಗೆ ಓಡಾಡಲು ಸಿಗುವುದು ಸಾಮಾನ್ಯವಾಗಿ 850ರಿಂದ 900. ಆಮೇಲೆ ತಿಂಗಳು ತಿಂಗಳು ಮೇಂಟೆನೆನ್ಸ್. ಹಾಗಂತ ಫ್ಲ್ಯಾಟ್ ಬೇಡ ಅಂತ ನಾನು ಹೇಳಲ್ಲ. ಊರಿನ ಮನೆಯಲ್ಲಿ ಯಾರೂ ಇಲ್ಲ, ಅಪ್ಪ ಅಮ್ಮ ಮಕ್ಕಳ ಜೊತೆ ಇರಲು ಒಪ್ಪಿದ್ದಾರೆ, ಆಸ್ಪತ್ರೆ ಹತ್ತಿರ ಬೇಕು ಅಂದರೆ ಲಿಫ್ಟು ಇರುವ ಫ್ಲ್ಯಾಟ್ ಒಳ್ಳೆಯ ನಿರ್ಧಾರವೇ. ಜಮೀನಿನ ಬೆಲೆ ಬೆಳೆಯುತ್ತದೆ, ಕಟ್ಟಡದ ಬೆಲೆ ಇಳಿಯುತ್ತದೆ ಅನ್ನೋದು ಮಾತ್ರ ನೆನಪಿರಲಿ. ಸ್ವಂತ ಸೈಟು ಮಾರಿ ಫ್ಲ್ಯಾಟ್ ಕೊಂಡರೆ ನಿಮ್ಮ ಹೆಸರಿಗೆ ಉಳಿಯೋದು ಜಮೀನಿನ ಒಂದು ಚಿಕ್ಕ ಪಾಲು.

ರಿಪೇರಿಗೆ ಒಂದೇ ದರ ಅಂತ ಇಲ್ಲ, ಅದೇ ಅದರ ಕಷ್ಟ. ಗೋಡೆ ಕೆತ್ತಿದ ಮೇಲೆ ಒಳಗೆ ಏನಿದೆಯೋ ಯಾರಿಗೆ ಗೊತ್ತು. ಅದಕ್ಕೇ ಎಸ್ಟಿಮೇಟಿನ ಐದನೇ ಒಂದು ಭಾಗವನ್ನು ಬೇರೆ ತೆಗೆದಿಡಿ. ಎಲ್ಲಾ ಸೇರಿ ಹೊಸ ಮನೆ ಖರ್ಚಿನ ಅರ್ಧ ದಾಟುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ ಮತ್ತೆ ಯೋಚಿಸಿ. ಸಾಲ ಮಾಡುವವರು ತೆರಿಗೆ ವ್ಯತ್ಯಾಸವನ್ನೂ ನೋಡಿಕೊಳ್ಳಿ. ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ ಇರುವವರಿಗೆ, ತಾವೇ ವಾಸವಿರುವ ಮನೆ ಕಟ್ಟಲು ಅಥವಾ ಕೊಳ್ಳಲು ಮಾಡಿದ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಡಿತ ಸಿಕ್ಕರೆ, ರಿಪೇರಿ ಸಾಲದ ಬಡ್ಡಿಗೆ ಸಿಗುವುದು 30 ಸಾವಿರದವರೆಗೆ ಮಾತ್ರ. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ.

ಕಾಗದ ನೋಡದೆ ಒಂದು ಮೊಳೆಯನ್ನೂ ಹೊಡೆಯಬೇಡಿ

ಇದನ್ನು ಬರೆಯಲು ನನಗೆ ಬೇಜಾರು, ಆದರೆ ಬರೆಯಲೇಬೇಕು. ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇದೆ, ಪಾಲಾಗಿಲ್ಲ, ಅಣ್ಣ ತಮ್ಮಂದಿರಲ್ಲಿ ಒಬ್ಬ ಮಾತ್ರ ಊರಲ್ಲಿದ್ದಾನೆ, ಅವನು ತನ್ನ ದುಡ್ಡು ಹಾಕಿ ರಿಪೇರಿ ಮಾಡಿಸುತ್ತಾನೆ. ಆಮೇಲೆ ಪಾಲಿನ ದಿನ ಆ ದುಡ್ಡು ಯಾರ ಲೆಕ್ಕಕ್ಕೂ ಬರಲ್ಲ, ಸಂಬಂಧ ಮುರಿಯುತ್ತದೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮ ಪಾಲು ಇದೆ, ಹಾಗಾಗಿ ಅಕ್ಕ ತಂಗಿಯರನ್ನೂ ಕೂರಿಸಿಕೊಂಡು ಮಾತಾಡಬೇಕು. ಮೊದಲು ವಿಭಾಗ ಪತ್ರ ನೋಂದಣಿ, ಖಾತೆ ಬದಲಾವಣೆ, ಇ-ಖಾತೆ. ಅದು ಆಗಲು ತಡ ಆಗುತ್ತದೆ ಅಂದರೆ ಅಲ್ಲಿಯವರೆಗೆ ಸೋರುವುದನ್ನು ನಿಲ್ಲಿಸುವಷ್ಟು, ಶಾಕ್ ಹೊಡೆಯದಷ್ಟು ಕೆಲಸ ಮಾತ್ರ ಮಾಡಿಸಿ, ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಎಲ್ಲರಿಗೂ ತಿಳಿಸಿ ಮಾಡಿ.

ರಿಪೇರಿ ಅಂತ ತೀರ್ಮಾನ ಆದರೆ ಯಾವುದು ಮೊದಲು

ಮೊದಲು ನೀರಿನ ಸೋರಿಕೆ, ಆಮೇಲೆ ಕರೆಂಟು, ಆಮೇಲೆ ಪೈಪು, ಬಣ್ಣ ಕೊನೆಗೆ. ಕೈಯಲ್ಲಿ ದುಡ್ಡು ಬಂದ ತಕ್ಷಣ ಬಣ್ಣ ಹೊಡೆಸಿ ಮಾಡ್ಯುಲರ್ ಕಿಚನ್ ಮಾಡಿಸುವವರೇ ಜಾಸ್ತಿ, ಎರಡು ಮಳೆಗಾಲದಲ್ಲಿ ಅದರ ಹಿಂದಿನ ಗೋಡೆ ತೇವ ಎದ್ದು ಪ್ಲೈವುಡ್ ಉಬ್ಬುತ್ತದೆ.

ತಾರಸಿ ಸೋರಿಕೆಗೆ ಬಿಳಿ ಲೇಪ ಬಳಿಯುವ ಮುಂಚೆ ನೀರು ಹರಿದು ಹೋಗುವ ಇಳಿಜಾರು ಇದೆಯಾ ನೋಡಿ. ನೀರು ನಿಲ್ಲುವ ತಾರಸಿಗೆ ಎಂಥಾ ಲೇಪ ಬಳಿದರೂ ಕೆಲವು ವರ್ಷದ ಮಾತು. ಗೋಡೆ ಬುಡದಲ್ಲಿ ತೇವ ಇದ್ದರೆ ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಎತ್ತರ ಆಗಿದೆಯಾ ಅಂತ ಗಮನಿಸಿ. ರಸ್ತೆಗೆ ಡಾಂಬರು ಹಾಕಿ ಹಾಕಿ ಎಷ್ಟೋ ಮನೆಗಳ ಅಂಗಳ ಹಾಗಾಗಿದೆ. ಸುತ್ತ ಚರಂಡಿ ತೆಗೆದು ನೀರು ಹೊರಗೆ ಹರಿಸಿದರೆ ಅರ್ಧ ಕಾಯಿಲೆ ವಾಸಿ. ಮಣ್ಣಿನ ಗೋಡೆ, ಸುಣ್ಣದ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಬೇಡಿ, ದಯವಿಟ್ಟು. ಒಳಗಿನ ತೇವ ಹೊರಗೆ ಆರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಕರಗುತ್ತದೆ, ಸಿಮೆಂಟು ಹಾಳೆ ಹಾಳೆಯಾಗಿ ಬೀಳುತ್ತದೆ.

ವೈರಿಂಗಿನಲ್ಲಿ ರಾಜಿ ಇಲ್ಲ. ಮರದ ಪಟ್ಟಿ ಮೇಲಿನ ಹಳೇ ವೈರು, ಪಿಂಗಾಣಿಯ ಫ್ಯೂಸ್ ಕಟೌಟು, ಅರ್ಥಿಂಗ್ ಇಲ್ಲದ ಪ್ಲಗ್ಗು, ಇವುಗಳ ಮೇಲೆ ಗೀಸರ್, ಇಂಡಕ್ಷನ್ ಒಲೆ ಹಾಕುವುದು ಬೆಂಕಿ ಜೊತೆ ಆಟ. ಹೊಸ ತಾಮ್ರದ ವೈರು, ದೀಪಕ್ಕೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್. ಶಾಕ್ ಹೊಡೆದ ತಕ್ಷಣ ಕರೆಂಟ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಗೋಡೆ ಕೊರೆಯುವ ಖರ್ಚು ಉಳಿಸಬೇಕಾದರೆ ಪಿವಿಸಿ ಪಟ್ಟಿಯಲ್ಲಿ ಗೋಡೆ ಮೇಲೇ ವೈರು ಎಳೆಸಿ, ನೋಡಲು ಅಷ್ಟೇನೂ ಚೆಂದ ಇರಲ್ಲ, ಆದರೆ ಸುರಕ್ಷಿತ. ನೀರಿನ ಪೈಪಿಗೂ ಇದೇ ಉಪಾಯ. ತುಕ್ಕು ಕಟ್ಟಿ ಸಣ್ಣಗಾದ ಕಬ್ಬಿಣದ ಜಿಐ ಪೈಪನ್ನು ಗೋಡೆಯೊಳಗೇ ಬಿಟ್ಟು ಹೊರಗೋಡೆ ಮೇಲೆ ಹೊಸ ಪ್ಲಾಸ್ಟಿಕ್ ಸಿಪಿವಿಸಿ ಪೈಪು ತಂದರೆ ಖರ್ಚು ತುಂಬಾ ಉಳಿಯುತ್ತದೆ.

ಬಚ್ಚಲು ಆಮೇಲೆ. ವಯಸ್ಸಾದವರು ಇದ್ದರೆ ಹೊಸ್ತಿಲು ತೆಗೆಸಿ, ಜಾರದ ಟೈಲ್ಸು, ಕಮೋಡು, ಗೋಡೆಗೆ ಗಟ್ಟಿ ಹಿಡಿಕೆ. ದೊಡ್ಡ ಹಳೇ ಮನೆಯಲ್ಲಿ ಇರುವವರು ಇಬ್ಬರೇ ಅಂದರೆ ಇಡೀ ಮನೆ ರಿಪೇರಿ ಮಾಡಿಸಬೇಕಾಗಿಲ್ಲ. ಒಂದು ಮಲಗುವ ಕೋಣೆ, ಅದಕ್ಕೆ ತಾಗಿ ಬಚ್ಚಲು, ಅಡುಗೆಮನೆ, ಇಷ್ಟನ್ನು ಚೆನ್ನಾಗಿ ಮಾಡಿ, ಉಳಿದದ್ದನ್ನು ಸೋರದ ಹಾಗೆ ಇಟ್ಟರೆ ಸಾಕು. ಬೆಂಗಳೂರಿನಲ್ಲೋ ವಿದೇಶದಲ್ಲೋ ಇದ್ದುಕೊಂಡು ಊರಿನ ಮನೆಗೆ ದುಡ್ಡು ಕಳಿಸುವವರು ಇದನ್ನು ಯೋಚಿಸಬೇಕು, ನಿಮ್ಮ ಹಬ್ಬದ ಎರಡು ದಿನಕ್ಕೆ ಬೇಕಾದ್ದಕ್ಕಿಂತ ಅವರ ದಿನದಿನಕ್ಕೆ ಬೇಕಾದ್ದು ಮುಖ್ಯ ಅಲ್ವಾ.

ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಮೇಲೆ ಟೈಲ್ಸ್ ಬೇಡ. ಬಿರುಕು ಮುಚ್ಚಿಸಿ ಪಾಲಿಶ್ ಮಾಡಿಸಿ, ಹತ್ತಾರು ವರ್ಷ ತುಳಿದು ನುಣುಪಾದ ಆ ನೆಲ ದುಡ್ಡು ಕೊಟ್ಟರೂ ಮತ್ತೆ ಬರಲ್ಲ.

ಹಾಲ್ ದೊಡ್ಡದಾಗಲಿ ಅಂತ ಗೋಡೆ ಒಡೆಯುವ ಆಸೆ ಎಲ್ಲರಿಗೂ ಇರುತ್ತದೆ. ಪಿಲ್ಲರ್ ಇಲ್ಲದ ಹಳೇ ಮನೆಯಲ್ಲಿ ಒಂಬತ್ತು ಇಂಚಿನ ಗೋಡೆಯೇ ಮನೆಯನ್ನು ಹೊತ್ತಿರುತ್ತದೆ, ಎಂಜಿನಿಯರ್ ನೋಡದೆ ಮುಟ್ಟಬೇಡಿ. ಬಾಡಿಗೆಗೆ ಅಂತ ಮೇಲೊಂದು ಫ್ಲೋರ್ ಎಬ್ಬಿಸುವುದಕ್ಕೂ ಇದೇ ಮಾತು. ಬಾಡಿಗೆ ಆದಾಯ ಬೇಕೇ ಬೇಕು ಅಂದರೆ ಅದು ರಿಪೇರಿಯ ಕೆಲಸ ಅಲ್ಲ, ಕೆಡವಿ ಕಟ್ಟುವ ಲೆಕ್ಕ.

ಮಕ್ಕಳಿರುವ ಮನೆಯಲ್ಲಿ ಹಳೇ ಬಣ್ಣವನ್ನು ಒಣಗಿದ ಹಾಗೇ ಉಜ್ಜಿಸಬೇಡಿ. ಬಣ್ಣದಲ್ಲಿ ಸೀಸ ಇಷ್ಟೇ ಇರಬೇಕು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಾಗಿಲು ಕಿಟಕಿಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ನೀರು ಚಿಮುಕಿಸಿ ಉಜ್ಜಿಸಿ, ಮಕ್ಕಳನ್ನು ಆ ದಿನ ಬೇರೆ ಕಡೆ ಕಳಿಸಿ. ಹಿತ್ತಲಿನ ಆಸ್ಬೆಸ್ಟಾಸ್ ಶೀಟನ್ನೂ ಸುತ್ತಿಗೆಯಿಂದ ಪುಡಿ ಮಾಡದೆ, ನೆನೆಸಿ, ಇಡಿಯಾಗಿ ಇಳಿಸಲಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಕೆಲಸದವರದ್ದೂ ಶ್ವಾಸಕೋಶವೇ.

ಮೇಸ್ತ್ರಿ ಜೊತೆ ಬಾಯಿಮಾತು ಬೇಡ. ಯಾವ ಕೆಲಸ, ಯಾವ ಕಂಪನಿ ಸಾಮಾನು, ಯಾವ ಹಂತಕ್ಕೆ ಎಷ್ಟು ದುಡ್ಡು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ರಿಪೇರಿಗೆ ಲೇಬರ್ ಮಾತ್ರ ಕೊಟ್ಟು ಸಾಮಾನು ನೀವೇ ತರುವುದು ಒಳ್ಳೆಯದು, ಓಡಾಟ ಜಾಸ್ತಿ, ಆದರೆ ಏನು ಬಂತು ಏನು ಹೋಯ್ತು ಗೊತ್ತಿರುತ್ತದೆ. ಛಾವಣಿ ಕೆಲಸವನ್ನು ದೀಪಾವಳಿ ಕಳೆದು ಶುರು ಮಾಡಿ ಮೇ ತಿಂಗಳೊಳಗೆ ಮುಗಿಸಿ. ಆರ್‌ಸಿಸಿ ತಾರಸಿಯಾದರೆ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ, ಎರಡು ಇಂಚು ನೀರು ಕಟ್ಟಿ ಎರಡು ದಿನ ಬಿಡಿ, ಕೆಳಗೆ ಒಂದು ಹನಿಯೂ ಇಳಿಯಲಿಲ್ಲ ಅಂದ ಮೇಲೆ ಆ ಕಂತು ಕೊಡಿ. ಹೆಂಚಿನ ಮನೆಯಾದರೆ ಸ್ವಲ್ಪ ಮೊತ್ತವನ್ನು ಮೊದಲ ಜೋರು ಮಳೆ ಆಗುವವರೆಗೆ ಉಳಿಸಿಕೊಳ್ಳುತ್ತೇನೆ ಅಂತ ಆ ಹಾಳೆಯಲ್ಲೇ ಬರೆದಿರಿ. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಡ ಅನ್ನಲ್ಲ.